ಗಗನಸಖಿಯರ ದುಡಿಮೆ, ಆರೋಗ್ಯ ಮತ್ತು ಮುಷ್ಕರ

ಮುಷ್ಕರವೆಂಬ ಶಬ್ದವು ಮಹಾನಗರದಲ್ಲಿ ನೆಲೆಸಿದ ಕನ್ನಡಿಗನಿಗೆ ಅಪರಿಚಿತವಾದುದಲ್ಲ. ಮುಂಬಯಿಯ ಬಂದರು ಕಾರ್ಮಿಕರನ್ನು ಸಂಘಟಿಸಿದ ಪಿ. ಡಿಮೆಲ್ಲೊ ಅವರೂ, ಅನಂತರ ಟ್ಯಾಕ್ಸಿ ಚಾಲಕರೇ ಮೊದಲಾದ ಶ್ರಮಜೀವಿಗಳನ್ನು ಒಗ್ಗೂಡಿಸಿದ ಜಾರ್ಜ್ ಫರ್ನಾಂಡಿಸ್ ಅವರೂ ನಮ್ಮ ಮಂಗಳೂರಿನ ಕಡೆಯಿಂದಲೇ ಈ ನಗರಕ್ಕೆ ಬಂದವರು. 1974ರ ಮೇ ತಿಂಗಳ ರೈಲ್ವೆ ಮುಷ್ಕರವನ್ನೂ, 1982ರ ಜನವರಿ 18ರಂದು ಆರಂಭವಾಗಿ ಲಕ್ಷಾಂತರ ಕುಟುಂಬಗಳ ಬದುಕನ್ನು ಬುಡಮೇಲು ಮಾಡಿದ ಬಟ್ಟೆ ಗಿರಣಿಗಳ ಮುಷ್ಕರವನ್ನೂ ಕಂಡ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಗಿರಣಿ ಕೆಲಸಗಾರನ ಬೆವರು, ರೈಲ್ವೆ ನೌಕರನ ಬಡತನ, ಹೋಟೆಲು ಮಾಣಿಯ ದಣಿವು ಇವೆಲ್ಲ ನಮಗೆ ಅರ್ಥವಾಗುತ್ತವೆ. ಆದರೆ ವಿಮಾನದ ಪರಿಚಾರಕರು ಮುಷ್ಕರ ಹೂಡಿದರೆಂದು ಪತ್ರಿಕೆಯಲ್ಲಿ ಓದಿದಾಗ ಮಾತ್ರ, “ಇವರಿಗೇನು ಕಡಿಮೆಯಾಗಿದೆ?” ಎಂಬ ಪ್ರಶ್ನೆ ನಮ್ಮ ಬಾಯಿಗೆ ತಾನಾಗಿಯೇ ಬರುತ್ತದೆ.

ಈ ಪ್ರಶ್ನೆ ಸಹಜವಾದುದೇ. ಅಚ್ಚುಕಟ್ಟಾದ ಉಡುಪು, ಮಾಸದ ಮುಗುಳ್ನಗೆ, ದೇಶವಿದೇಶಗಳ ಸಂಚಾರ, ದೊಡ್ಡ ಹೋಟೆಲುಗಳಲ್ಲಿ ವಾಸ, ಇವಿಷ್ಟೇ ನಮ್ಮ ಕಣ್ಣಿಗೆ ಬೀಳುವ ಗಗನಸಖಿಯ ಚಿತ್ರ. ಮುಗುಳ್ನಗೆಯೂ ಆಕೆಯ ಕೆಲಸದ ಒಂದು ಭಾಗವೆಂಬುದನ್ನು ನಾವು ಮರೆಯುತ್ತೇವೆ. ಇಂದು ನಮ್ಮ ಬಳಗದ ಎಷ್ಟೋ ಮನೆಗಳ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಈ ವೃತ್ತಿಯ ಕಡೆಗೆ ಆಸೆಯಿಂದ ನೋಡುತ್ತಿದ್ದಾರೆ. ಆದುದರಿಂದ ಈ ದುಡಿಮೆಯ ಸ್ವರೂಪವೇನು, ಅದು ದೇಹದ ಮೇಲೆ ಮಾಡುವ ಪರಿಣಾಮವೇನು, ಕಾರ್ಮಿಕ ಸಂಘಗಳು ಈ ಕ್ಷೇತ್ರದಲ್ಲಿ ಸಾಧಿಸಿದ್ದೇನು, ಎಡವಿದ್ದೆಲ್ಲಿ ಎಂಬುದನ್ನು ವಿವೇಚಿಸುವುದು ಅಪ್ರಸ್ತುತವಾಗಲಾರದು.

ದಾದಿಯಿಂದ ಗಗನಸಖಿಗೆ

ಈ ವೃತ್ತಿಯು ಹುಟ್ಟಿದ್ದೇ ಆರೋಗ್ಯ ಸೇವೆಯ ಹೆಸರಿನಲ್ಲಿ. 1930ರ ಮೇ 15ರಂದು ಎಲೆನ್ ಚರ್ಚ್ ಎಂಬ ಅಮೆರಿಕದ ತರಬೇತಾದ ದಾದಿಯೊಬ್ಬಳು ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಸಂಸ್ಥೆಯ ವಿಮಾನದಲ್ಲಿ ಓಕ್‌ಲೆಂಡಿನಿಂದ ಷಿಕಾಗೊ ನಗರಕ್ಕೆ ಹೊರಟಳು. ಜಗತ್ತಿನ ಮೊದಲ ಗಗನಸಖಿ ಆಕೆ. ಆಕೆಯೊಡನೆ ನೇಮಕಗೊಂಡ ಇತರ ಏಳು ಮಂದಿಯೂ ದಾದಿಯರೇ. ಅಂದಿನ ವಿಮಾನಗಳು ಮೋಡಗಳ ನಡುವೆ ಕುಲುಕಾಡುತ್ತ ಸಾಗುತ್ತಿದ್ದವು. ಪ್ರಯಾಣಿಕರು ಹೆದರುತ್ತಿದ್ದರು, ವಾಂತಿ ಮಾಡಿಕೊಳ್ಳುತ್ತಿದ್ದರು. ದಾದಿಯೊಬ್ಬಳು ಪಕ್ಕದಲ್ಲಿದ್ದರೆ ಅವರಿಗೆ ಧೈರ್ಯ ಬಂದೀತೆಂಬುದು ಲೆಕ್ಕಾಚಾರ. ಆದರೆ ನೇಮಕದ ಷರತ್ತುಗಳನ್ನು ನೋಡಿದರೆ ಬೇರೊಂದು ಮುಖ ಕಾಣುತ್ತದೆ. ಆಕೆ ಅವಿವಾಹಿತೆಯಾಗಿರಬೇಕು, ವಯಸ್ಸು 25ನ್ನು ಮೀರಬಾರದು, ತೂಕ 115 ಪೌಂಡು, ಅಂದರೆ ಸುಮಾರು 52 ಕಿಲೋಗ್ರಾಂ, ದಾಟಬಾರದು. ಪೆಟ್ಟಿಗೆಗಳನ್ನು ಹೊರುವುದರಿಂದ ಹಿಡಿದು ಸಡಿಲವಾದ ಆಸನಗಳನ್ನು ನೆಲಕ್ಕೆ ಬಿಗಿಯುವವರೆಗೆ ಎಲ್ಲ ಕೆಲಸವೂ ಆಕೆಯದೇ.

ಕಾಲ ಸರಿದಂತೆ ದಾದಿಯಾಗಿರಬೇಕೆಂಬ ಷರತ್ತು ಬಿದ್ದುಹೋಯಿತು. ಮದುವೆ, ವಯಸ್ಸು, ತೂಕಗಳ ಷರತ್ತುಗಳು ಮಾತ್ರ ಗಟ್ಟಿಯಾಗಿ ಉಳಿದುಕೊಂಡವು. ವಿಮಾನ ಸಂಸ್ಥೆಗಳು ಆಕೆಯನ್ನು ಸುರಕ್ಷತೆಯ ಸಿಬ್ಬಂದಿಯಾಗಿ ಕಾಣುವುದಕ್ಕಿಂತ ಜಾಹೀರಾತಿನ ಚಿತ್ರವಾಗಿ ಕಾಣತೊಡಗಿದವು. 1953ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆ ಹೊಸದಾಗಿ ಸೇರುವ ಹೆಣ್ಣುಮಕ್ಕಳು 32ನೆಯ ವಯಸ್ಸಿಗೆ ನಿವೃತ್ತರಾಗಬೇಕೆಂಬ ನಿಯಮವನ್ನು ತಂದಿತು. ಇತರ ಕಚೇರಿಗಳಲ್ಲಿ ಬಡ್ತಿ ಆರಂಭವಾಗುವ ವಯಸ್ಸಿನಲ್ಲಿ ಇಲ್ಲಿ ಸೇವೆಯೇ ಮುಗಿಯುತ್ತಿತ್ತು.

ಈ ಪರಿಸ್ಥಿತಿಯಲ್ಲಿ ಮೊದಲ ಸಂಘ ಹುಟ್ಟಿತು. 1945ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ಅದಾ ಬ್ರೌನ್ ಮತ್ತು ಆಕೆಯ ಸಂಗಡಿಗರು ಏರ್ ಲೈನ್ ಸ್ಟೂವರ್ಡೆಸಸ್ ಅಸೋಸಿಯೇಷನ್ ಎಂಬ ಸಂಘವನ್ನು ಸ್ಥಾಪಿಸಿದರು. ಮರುವರ್ಷವೇ ಮಾಲೀಕರೊಡನೆ ಮಾಡಿಕೊಂಡ ಒಪ್ಪಂದದಲ್ಲಿ ಸಂಬಳದ ಏರಿಕೆಯ ಜೊತೆಗೆ ತಿಂಗಳ ಹಾರಾಟದ ಗಂಟೆಗಳಿಗೆ ಮಿತಿಯನ್ನೂ ಪಡೆದರು. ಹಣಕ್ಕಿಂತ ವಿಶ್ರಾಂತಿ ಕಡಿಮೆಯದಲ್ಲವೆಂದು ಈ ವೃತ್ತಿಯವರು ಮೊದಲ ಒಪ್ಪಂದದಲ್ಲಿಯೇ ಗುರುತಿಸಿದ್ದರು ಎಂಬುದು ಗಮನಾರ್ಹ. ಮುಂದಿನ ಎಂಬತ್ತು ವರ್ಷಗಳ ವಿವಾದಗಳಲ್ಲಿ ಬಹುಪಾಲು ಈ ಎರಡು ವಿಷಯಗಳ ಸುತ್ತಲೇ ತಿರುಗಿವೆ.

ನಮ್ಮ ನ್ಯಾಯಾಲಯದ ಕಟಕಟೆಯಲ್ಲಿ

ಭಾರತದ ಕಥೆ ಇದಕ್ಕಿಂತ ಭಿನ್ನವೇನೂ ಅಲ್ಲ. ಏರ್ ಇಂಡಿಯಾ ಸಂಸ್ಥೆಯ ಸೇವಾ ನಿಯಮಗಳ ಪ್ರಕಾರ ಗಗನಸಖಿಯು 35ನೆಯ ವಯಸ್ಸಿಗೆ ನಿವೃತ್ತಳಾಗಬೇಕಿತ್ತು. ಸೇವೆಗೆ ಸೇರಿದ ನಾಲ್ಕು ವರ್ಷಗಳೊಳಗೆ ಮದುವೆಯಾದರೆ ಆಗಲೇ ಹೊರಡಬೇಕಿತ್ತು. ಮೊದಲ ಬಾರಿ ಬಸುರಾದರೆ ಆಗಲೂ ಹೊರಡಬೇಕಿತ್ತು. ಈ ಮೂರರಲ್ಲಿ ಯಾವುದು ಮೊದಲೋ ಅದೇ ನಿವೃತ್ತಿಯ ದಿನ. ಅದರ ಮೇಲೆ ಸೇವೆಯನ್ನು ವಿಸ್ತರಿಸುವುದು ಮ್ಯಾನೇಜಿಂಗ್ ಡೈರೆಕ್ಟರರ ಇಚ್ಛೆಗೆ ಬಿಟ್ಟ ವಿಷಯ. ಅದೇ ವಿಮಾನದಲ್ಲಿ ಅದೇ ತಟ್ಟೆಗಳನ್ನು ಹಂಚುವ ಪುರುಷ ಪರ್ಸರನಿಗೆ ಮಾತ್ರ ನಿವೃತ್ತಿ 58ಕ್ಕೆ.

ನರ್ಗೀಸ್ ಮಿರ್ಜಾ ಮತ್ತು ಇತರರು ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1981ರ ಆಗಸ್ಟ್ 28ರಂದು ತೀರ್ಪಿತ್ತಿತು. ಬಸುರಾದೊಡನೆ ಕೆಲಸದಿಂದ ತೆಗೆಯುವ ನಿಯಮವು ಸಂವಿಧಾನದ 14ನೆಯ ವಿಧಿಗೆ ವಿರುದ್ಧವೆಂದೂ, ಭಾರತೀಯ ಸ್ತ್ರೀತ್ವಕ್ಕೆ ಮಾಡಿದ ಅವಮಾನವೆಂದೂ ನ್ಯಾಯಪೀಠವು ಕಟುವಾಗಿ ಹೇಳಿ ಅದನ್ನು ರದ್ದುಗೊಳಿಸಿತು. ಮ್ಯಾನೇಜಿಂಗ್ ಡೈರೆಕ್ಟರರ ಅಂಕೆಯಿಲ್ಲದ ವಿವೇಚನಾಧಿಕಾರವನ್ನೂ ತೊಡೆದುಹಾಕಿತು. ಆದರೆ 35ರ ನಿವೃತ್ತಿಯನ್ನೂ ನಾಲ್ಕು ವರ್ಷಗಳ ಮದುವೆಯ ನಿರ್ಬಂಧವನ್ನೂ ಎತ್ತಿಹಿಡಿಯಿತು. ಗಗನಸಖಿಯರೂ ಪುರುಷ ಪರ್ಸರರೂ ಬೇರೆ ಬೇರೆ ವರ್ಗಗಳಿಗೆ ಸೇರಿದವರಾದ್ದರಿಂದ ಇಲ್ಲಿ ಲಿಂಗಭೇದದ ಪ್ರಶ್ನೆಯೇ ಏಳದು ಎಂಬುದು ಒಂದು ಕಾರಣ. ಮದುವೆ ತಡವಾದರೆ ಹೆಣ್ಣಿನ ಆರೋಗ್ಯಕ್ಕೂ ದೇಶದ ಕುಟುಂಬ ಯೋಜನೆಗೂ ಒಳಿತೆಂಬುದು ಇನ್ನೊಂದು ಕಾರಣ! ಒಬ್ಬಳ ಮದುವೆಯ ಮುಹೂರ್ತವನ್ನು ನಿಶ್ಚಯಿಸುವ ಅಧಿಕಾರವು ವಿಮಾನ ಸಂಸ್ಥೆಗೆ ಆರೋಗ್ಯದ ಹೆಸರಿನಲ್ಲಿ ದೊರೆತುದು ವಿಚಿತ್ರವೇ ಸರಿ.

ಆ ಬಳಿಕದ ಬೆಳವಣಿಗೆಯಲ್ಲಿ ಕಾರ್ಮಿಕ ಚಳವಳಿಯ ಹಿತೈಷಿಗಳೆಲ್ಲರೂ ಗಮನಿಸಬೇಕಾದ ಪಾಠವೊಂದಿದೆ. ವಯಸ್ಸಿನ ಮಿತಿ ಹಂತಹಂತವಾಗಿ ಏರಿತು. ಆದರೂ ಹೆಣ್ಣು 50ಕ್ಕೆ ಹಾರಾಟ ನಿಲ್ಲಿಸಬೇಕು, ಗಂಡು 58ರವರೆಗೆ ಹಾರಬಹುದು ಎಂಬ ಅಂತರ ಉಳಿಯಿತು. ಇದನ್ನು ಕೆಲವು ಮಹಿಳೆಯರು ಪ್ರಶ್ನಿಸಿ ಬೊಂಬಾಯಿ ಹೈಕೋರ್ಟಿನಲ್ಲಿ ಗೆದ್ದರು. ಮೇಲ್ಮನವಿಯಲ್ಲಿ ಅವರಿಗೆ ಎದುರಾಗಿ ನಿಂತದ್ದು ಅವರದೇ ಕ್ಷೇತ್ರದ ಏರ್ ಇಂಡಿಯಾ ಕ್ಯಾಬಿನ್ ಕ್ರೂ ಅಸೋಸಿಯೇಷನ್. 50ರ ಬಳಿಕ ನೆಲದ ಮೇಲಿನ ಕೆಲಸವನ್ನೋ ನಿವೃತ್ತಿಯನ್ನೋ ಆಯ್ದುಕೊಳ್ಳುವುದೇ ಬಹುಮಂದಿ ಗಗನಸಖಿಯರಿಗೆ ಅನುಕೂಲವೆಂಬುದು ಸಂಘದ ವಾದ. 2003ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂಘದ ಪರವಾಗಿಯೇ ತೀರ್ಪು ನೀಡಿತು. ತರುವಾಯ ಸರ್ಕಾರದ ನಿರ್ದೇಶನದಿಂದ ಮಹಿಳೆಯರಿಗೂ 58ರವರೆಗೆ ಹಾರುವ ಅವಕಾಶ ದೊರೆಯಿತು. 2005ರಲ್ಲಿ ಮಹಿಳೆಯರನ್ನೂ ವಿಮಾನದೊಳಗಿನ ಮೇಲ್ವಿಚಾರಕರನ್ನಾಗಿ ನೇಮಿಸಬಹುದೆಂಬ ಆದೇಶ ಹೊರಟಾಗ ಅದನ್ನು ಪ್ರಶ್ನಿಸಿದವರು ಪುರುಷ ಸಹೋದ್ಯೋಗಿಗಳು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಹಿಳೆಯರ ಪರವಾಗಿ ನಿಂತಿತು. ಸಂಘವು ದುರ್ಬಲರ ಆಶ್ರಯವೆಂಬುದು ನಿಜ. ಆದರೆ ಸಂಘದೊಳಗೂ ದುರ್ಬಲರಿರುತ್ತಾರೆ, ಅವರ ದನಿಯನ್ನು ಕೇಳದ ಸಂಘವು ಇನ್ನೊಬ್ಬ ಮಾಲೀಕನಂತೆಯೇ ಆಗಿಬಿಡುತ್ತದೆ.

ಹಾರಾಟ ಮತ್ತು ದೇಹ

ಈಗ ಆರೋಗ್ಯದ ವಿಷಯಕ್ಕೆ ಬರೋಣ. ವಿಮಾನವು ಮೂವತ್ತು ನಲವತ್ತು ಸಾವಿರ ಅಡಿ ಎತ್ತರದಲ್ಲಿ ಹಾರುತ್ತದೆ. ಒಳಗಿನ ಗಾಳಿಯ ಒತ್ತಡವನ್ನು ಕೃತಕವಾಗಿ ಹೆಚ್ಚಿಸಿದ್ದರೂ ಅದು ನೆಲಮಟ್ಟದ್ದಾಗಿರುವುದಿಲ್ಲ. ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಸಮನಾಗಿರುತ್ತದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರು. ಎಂಟು ಸಾವಿರ ಅಡಿಯೆಂದರೆ ಸುಮಾರು 2,400 ಮೀಟರು. ಮುಳ್ಳಯ್ಯನಗಿರಿಗಿಂತಲೂ ಎತ್ತರದ ಸ್ಥಳದಲ್ಲಿ, ಭಾರವಾದ ತಳ್ಳುಗಾಡಿಯನ್ನು ಇಕ್ಕಟ್ಟಾದ ಓಣಿಯಲ್ಲಿ ಮೇಲಕ್ಕೂ ಕೆಳಕ್ಕೂ ನೂಕುತ್ತ ದಿನವಿಡೀ ದುಡಿಯುವುದನ್ನು ಊಹಿಸಿಕೊಂಡರೆ ಈ ಕೆಲಸದ ಶ್ರಮ ಸ್ವಲ್ಪಮಟ್ಟಿಗೆ ತಿಳಿದೀತು. ವಿಮಾನವು ಮೇಲೇರುವಾಗಲೂ ಇಳಿಯುವಾಗಲೂ ನೆಲವೇ ಓರೆಯಾಗಿರುವುದರಿಂದ ಬೆನ್ನು, ಭುಜ, ಮೊಣಕಾಲುಗಳ ನೋವು ಇವರಲ್ಲಿ ಸಾಮಾನ್ಯ. ಬಹಳ ಹೊತ್ತು ನಿಂತೇ ಇರುವುದರಿಂದ ಕಾಲಿನ ರಕ್ತನಾಳಗಳು ಉಬ್ಬುವುದೂ ಉಂಟು.

ಒಳಗಿನ ಗಾಳಿ ಬಹಳ ಶುಷ್ಕ. ಆರ್ದ್ರತೆಯು ಬಹುಮಟ್ಟಿಗೆ ಶೇಕಡಾ 20ಕ್ಕಿಂತಲೂ ಕೆಳಗಿರುತ್ತದೆ. ಕಣ್ಣು, ಮೂಗು, ಗಂಟಲು, ಚರ್ಮಗಳು ಒಣಗುತ್ತವೆ. ಇಂಜಿನಿನ ಸದ್ದು ಎಡೆಬಿಡದೆ ಕಿವಿಯ ಮೇಲೆ ಬೀಳುತ್ತದೆ. ಇವೆಲ್ಲಕ್ಕಿಂತ ದೊಡ್ಡ ತೊಂದರೆಯೆಂದರೆ ನಿದ್ರೆಯದು. ನಮ್ಮ ದೇಹದೊಳಗೆ ಹಗಲು ರಾತ್ರಿಗಳ ಲೆಕ್ಕವಿಡುವ ಗಡಿಯಾರವೊಂದಿದೆ. ಜೀರ್ಣಶಕ್ತಿ, ದೇಹದ ಉಷ್ಣತೆ, ಹಾರ್ಮೋನುಗಳ ಏರಿಳಿತ ಎಲ್ಲವೂ ಅದರ ಅಧೀನ. ಇಂದು ನಡುರಾತ್ರಿಗೆ ಎದ್ದು, ನಾಳೆ ನಡುಹಗಲಲ್ಲಿ ಮಲಗಿ, ನಾಡಿದ್ದು ಬೇರೊಂದು ದೇಶದ ಕಾಲಮಾನಕ್ಕೆ ಹೊಂದಿಕೊಳ್ಳಬೇಕಾದವರಲ್ಲಿ ಈ ಗಡಿಯಾರ ಕೆಡುತ್ತದೆ. ಹೊಟ್ಟೆಯ ತೊಂದರೆ, ಮುಟ್ಟಿನ ಏರುಪೇರು, ಮನಸ್ಸಿನ ಮಂಕು ಅದರ ಫಲ. ದೇಹದ ಈ ಲಯವನ್ನು ಕೆಡಿಸುವ ಪಾಳಿ ಕೆಲಸವು ಕ್ಯಾನ್ಸರಿಗೆ ಬಹುಶಃ ಕಾರಣವಾಗಬಲ್ಲದು ಎಂದು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2007ರಲ್ಲಿ ವರ್ಗೀಕರಿಸಿತು. 2019ರಲ್ಲಿ ರಾತ್ರಿಪಾಳಿಯ ಬಗ್ಗೆ ಅದೇ ಅಭಿಪ್ರಾಯವನ್ನು ಮತ್ತೆ ವ್ಯಕ್ತಪಡಿಸಿತು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳನ್ನು ವಾತಾವರಣದ ದಪ್ಪ ಹೊದಿಕೆ ನೆಲದ ಮೇಲಿನವರಿಗೆ ತಡೆದುಕೊಡುತ್ತದೆ. ಮೇಲೇರಿದಷ್ಟೂ ಆ ಹೊದಿಕೆ ತೆಳುವಾಗುತ್ತದೆ. ವರ್ಷಕ್ಕೊಮ್ಮೆ ಊರಿಗೆ ಹಾರುವ ಪ್ರಯಾಣಿಕನಿಗೆ ಇದರಿಂದ ಹೆದರಿಕೆಯಿಲ್ಲ. ಅದೇ ಜೀವನೋಪಾಯವಾದವರ ಲೆಕ್ಕ ಬೇರೆ. ಯುರೋಪಿನಲ್ಲಿ ವರ್ಷಕ್ಕೆ 1 ಮಿಲಿಸೀವರ್ಟಿಗಿಂತ ಹೆಚ್ಚು ವಿಕಿರಣಕ್ಕೆ ಒಳಗಾಗಬಹುದಾದ ವಿಮಾನ ಸಿಬ್ಬಂದಿಯ ಪ್ರಮಾಣವನ್ನು ಅಳೆದು ದಾಖಲಿಸಬೇಕೆಂಬ ನಿಯಮವನ್ನು 1996ರ ನಿರ್ದೇಶನ ತಂದಿತು. ಗರ್ಭಿಣಿಯೆಂದು ತಿಳಿಸಿದ ಬಳಿಕ ಶಿಶುವಿಗೆ ತಗಲುವ ಪ್ರಮಾಣವು 1 ಮಿಲಿಸೀವರ್ಟನ್ನು ಮೀರದಂತೆ ಕೆಲಸವನ್ನು ಏರ್ಪಡಿಸಬೇಕು. 2018ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ಅಮೆರಿಕದ 5,366 ಪರಿಚಾರಕರ ಅಧ್ಯಯನವನ್ನು ಪ್ರಕಟಿಸಿದರು. ಇವರಲ್ಲಿ ಸ್ತನ ಕ್ಯಾನ್ಸರು ಶೇಕಡಾ 3.4ರಷ್ಟು ಮಹಿಳೆಯರಲ್ಲಿ ಕಂಡುಬಂದರೆ, ಹೋಲಿಕೆಗೆ ತೆಗೆದುಕೊಂಡ ಸಾಮಾನ್ಯ ಮಹಿಳೆಯರಲ್ಲಿ ಅದು ಶೇಕಡಾ 2.3. ಚರ್ಮದ ಕ್ಯಾನ್ಸರೂ ಹೆಚ್ಚಾಗಿತ್ತು. ಇದಕ್ಕೆ ವಿಕಿರಣ, ನಿದ್ರಾಭಂಗ, ಇತರ ಕಾರಣಗಳಲ್ಲಿ ಯಾವುದರ ಪಾಲೆಷ್ಟು ಎಂಬುದನ್ನು ಇಂಥ ಒಂದು ಸಮೀಕ್ಷೆಯಿಂದ ಬಿಡಿಸಿ ಹೇಳಲು ಬಾರದು. ಆದರೆ ಎಚ್ಚರಿಕೆಯಿಂದ ಗಮನಿಸಬೇಕಾದ ವಿಷಯವಿದು ಎನ್ನಲು ಇಷ್ಟು ಸಾಕು.

ದಣಿವು ಕೇವಲ ದಣಿದವರ ಸಮಸ್ಯೆಯಲ್ಲ. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜ್ಪೆಯಲ್ಲಿ ಓಡುಹಾದಿಯನ್ನು ಮೀರಿ ಕಣಿವೆಗೆ ಉರುಳಿತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಅಸುನೀಗಿದರು. ಪ್ರಯಾಣದ ನಡುವೆ ಕ್ಯಾಪ್ಟನ್ನರು ಒಂದೂವರೆ ಗಂಟೆಗೂ ಮಿಕ್ಕಿ ನಿದ್ರಿಸಿದ್ದರೆಂಬುದೂ, ನಿದ್ದೆಯಿಂದ ಎದ್ದ ಮಂಪರು ಅವರ ನಿರ್ಣಯಶಕ್ತಿಯನ್ನು ಕುಂದಿಸಿರಬಹುದೆಂಬುದೂ ವಿಚಾರಣಾ ವರದಿಯಲ್ಲಿದೆ. ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ಬೆಳಗು ಇಂದಿಗೂ ಮುಗಿದಿಲ್ಲ. ಪೈಲಟರಿಗೆ ಅನ್ವಯಿಸುವ ಮಾತು ಪರಿಚಾರಕರಿಗೂ ಅನ್ವಯಿಸುತ್ತದೆ. 2024ರ ಜನವರಿ 2ರಂದು ಟೋಕಿಯೊದ ಹನೇಡಾ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನವು ಮತ್ತೊಂದು ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿ ಉರಿದಾಗ ಅದರೊಳಗಿದ್ದ 379 ಮಂದಿಯೂ ಜೀವಸಹಿತ ಹೊರಬಂದರು. ಯಾವ ಬಾಗಿಲು ತೆರೆಯಬೇಕು, ಯಾವುದನ್ನು ತೆರೆಯಬಾರದು ಎಂದು ಹೊಗೆಯ ನಡುವೆ ನಿಶ್ಚಯಿಸಿದವರು ಪರಿಚಾರಕರು. 1986ರ ಸೆಪ್ಟೆಂಬರ್ 5ರಂದು ಕರಾಚಿಯಲ್ಲಿ ಅಪಹರಣಕಾರರ ನಡುವೆ ಪ್ರಯಾಣಿಕರನ್ನು ರಕ್ಷಿಸುತ್ತ ಪ್ರಾಣವಿತ್ತ ನೀರಜಾ ಭನೋಟ್ ಕೂಡ ಇದೇ ವೃತ್ತಿಯವಳು. ಅಂಥ ಗಳಿಗೆಯಲ್ಲಿ ಚುರುಕಾಗಿರಬೇಕಾದ ಬುದ್ಧಿ ಹಿಂದಿನ ರಾತ್ರಿ ಮಲಗಿರಬೇಡವೇ?

ಹೊಗೆಯ ವಿರುದ್ಧ ಹೋರಾಟ

ಸಂಘಟಿತ ದನಿಯಿಂದ ಆರೋಗ್ಯಕ್ಕೆ ಎಂಥ ಪ್ರಯೋಜನವಾದೀತೆಂಬುದಕ್ಕೆ ಒಂದು ಉಜ್ಜ್ವಲ ನಿದರ್ಶನವಿದೆ. ವಿಮಾನದೊಳಗೆ ಬೀಡಿ ಸಿಗರೇಟು ಸೇದುವುದು ಒಂದು ಕಾಲದಲ್ಲಿ ಮಾಮೂಲು. ಮುಚ್ಚಿದ ಕೊಳವೆಯಂತಹ ವಿಮಾನದಲ್ಲಿ ಸೇದುವವರಿಗೆ ಹಿಂದಿನ ಸಾಲುಗಳನ್ನು ಮೀಸಲಿಟ್ಟು, ಉಳಿದವರು ಸುರಕ್ಷಿತರೆಂದು ನಂಬಲಾಗುತ್ತಿತ್ತು. ಪರಿಚಾರಕರ ಸಂಘಗಳು ಇದರ ವಿರುದ್ಧ ವರ್ಷಗಟ್ಟಲೆ ಒತ್ತಾಯ ತಂದವು. ಅಮೆರಿಕದಲ್ಲಿ 1988ರಲ್ಲಿ ಎರಡು ಗಂಟೆಯೊಳಗಿನ ಹಾರಾಟಗಳಲ್ಲಿಯೂ, 1990ರಲ್ಲಿ ಬಹುತೇಕ ಎಲ್ಲ ಆಂತರಿಕ ಹಾರಾಟಗಳಲ್ಲಿಯೂ, 2000ದಲ್ಲಿ ಆ ದೇಶಕ್ಕೆ ಬಂದುಹೋಗುವ ಎಲ್ಲ ವಿಮಾನಗಳಲ್ಲಿಯೂ ಧೂಮಪಾನ ನಿಷಿದ್ಧವಾಯಿತು. ಎಂದೂ ಸಿಗರೇಟು ಮುಟ್ಟದಿದ್ದರೂ ಶ್ವಾಸಕೋಶದ ಕ್ಯಾನ್ಸರಿಗೆ ಗುರಿಯಾದ ನಾರ್ಮಾ ಬ್ರೋಯಿನ್ ಎಂಬ ಗಗನಸಖಿಯು 1991ರಲ್ಲಿ ಸಂಗಡಿಗರೊಡನೆ ತಂಬಾಕು ಕಂಪನಿಗಳ ಮೇಲೆ ದಾವೆ ಹೂಡಿದಳು. 1997ರ ರಾಜಿಯಲ್ಲಿ ಕಂಪನಿಗಳು 30 ಕೋಟಿ ಡಾಲರುಗಳನ್ನು ವೈದ್ಯಕೀಯ ಸಂಶೋಧನೆಗೆ ಕೊಡಲು ಒಪ್ಪಿದವು. ಇಂದು ನಾವು ವಿಮಾನದಲ್ಲಿ ಸೇದುವ ಹೊಗೆಯಿಲ್ಲದ ಗಾಳಿಗೆ ಈ ದುಡಿಮೆಗಾರರ ಹೋರಾಟಕ್ಕೂ ಋಣಿಗಳು.

ಗೆದ್ದ ಮುಷ್ಕರ, ಸೋತ ಮುಷ್ಕರ

ಮುಷ್ಕರವು ಎರಡು ಅಲಗಿನ ಕತ್ತಿ. ಅದನ್ನು ಹಿಡಿದ ಕೈಯೂ ಕೊಯ್ದುಕೊಂಡ ಪ್ರಸಂಗಗಳುಂಟು. 1986ರ ಮಾರ್ಚ್ 7ರಂದು ಅಮೆರಿಕದ ಟಿ.ಡಬ್ಲ್ಯು.ಎ. ಸಂಸ್ಥೆಯ ಪರಿಚಾರಕರು ಸಂಬಳ ಕಡಿತವನ್ನೂ ಕೆಲಸದ ಅವಧಿಯ ಹೆಚ್ಚಳವನ್ನೂ ವಿರೋಧಿಸಿ ಕೆಲಸ ನಿಲ್ಲಿಸಿದರು. ಸಂಸ್ಥೆಯನ್ನು ಆಗಷ್ಟೇ ವಶಪಡಿಸಿಕೊಂಡಿದ್ದ ಕಾರ್ಲ್ ಐಕಾನ್ ಬದಲಿ ನೌಕರರನ್ನು ನೇಮಿಸಿಕೊಂಡು ವಿಮಾನಗಳನ್ನು ಹಾರಿಸಿದರು. 72 ದಿನಗಳ ಬಳಿಕ ಸಂಘವು ಷರತ್ತಿಲ್ಲದೆ ಕೆಲಸಕ್ಕೆ ಮರಳಲು ಒಪ್ಪಿದಾಗ ಜಾಗಗಳೇ ಖಾಲಿಯಿರಲಿಲ್ಲ. ಮುಷ್ಕರ ಮುರಿದು ಒಳಹೋದ ಕಿರಿಯರನ್ನು ತೆರವುಗೊಳಿಸಿ ಹಿರಿಯರಿಗೆ ಸ್ಥಾನ ಕೊಡಬೇಕಾದ ಅಗತ್ಯವಿಲ್ಲವೆಂದು 1989ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಹೇಳಿತು. ಒಡೆದ ಒಗ್ಗಟ್ಟಿನ ಬೆಲೆಯನ್ನು ಹಿರಿಯ ಸೇವಕರು ವರ್ಷಗಟ್ಟಲೆ ತೆತ್ತರು.

1993 ಬೇರೆಯ ಪಾಠ ಕಲಿಸಿತು. ಆ ವರ್ಷ ಅಲಾಸ್ಕಾ ಏರ್‌ಲೈನ್ಸ್‌ನ ಸಂಘವು ಎಲ್ಲರೂ ಒಮ್ಮೆಗೇ ಹೊರಬರುವುದರ ಬದಲು, ಮುನ್ಸೂಚನೆಯಿಲ್ಲದೆ ಆಯ್ದ ಹಾರಾಟಗಳನ್ನು ಮಾತ್ರ ನಿಲ್ಲಿಸಿತು. ಕೇವಲ 24 ಮಂದಿ ಏಳು ವಿಮಾನಗಳಲ್ಲಿ ಮುಷ್ಕರ ಹೂಡಿದ್ದರಿಂದಲೇ ಇಡೀ ಸಂಸ್ಥೆ ತಲ್ಲಣಿಸಿ ಸಂಧಾನಕ್ಕೆ ಬಂದಿತು. ಅದೇ ನವೆಂಬರ್ 18ರಂದು ಅಮೆರಿಕನ್ ಏರ್‌ಲೈನ್ಸ್‌ನ ಸುಮಾರು 21,000 ಪರಿಚಾರಕರು ಹಬ್ಬದ ಜನಜಂಗುಳಿಯ ಮುನ್ನ ಹನ್ನೊಂದು ದಿನಗಳ ಮುಷ್ಕರ ಸಾರಿದರು. ಐದನೆಯ ದಿನವೇ ಅಧ್ಯಕ್ಷ ಕ್ಲಿಂಟನ್ ಮಧ್ಯೆ ಪ್ರವೇಶಿಸಿ ವಿವಾದವನ್ನು ಪಂಚಾಯತಿಗೆ ಒಪ್ಪಿಸಿದರು.

ಬ್ರಿಟಿಷ್ ಏರ್‌ವೇಸ್‌ನ ಇತಿಹಾಸ ಇನ್ನೂ ಕುತೂಹಲಕರ. 1997ರ ಜುಲೈಯಲ್ಲಿ ಮೂರು ದಿನಗಳ ಮುಷ್ಕರ ನಡೆದಾಗ ಬಹಿರಂಗವಾಗಿ ಭಾಗವಹಿಸಿದವರು ಸುಮಾರು ಮುನ್ನೂರು ಮಂದಿ ಮಾತ್ರ. ಆದರೆ ಆ ದಿನಗಳಲ್ಲಿ ಕಾಯಿಲೆಯೆಂದು ತಿಳಿಸಿ ಮನೆಯಲ್ಲುಳಿದವರು ಎರಡು ಸಾವಿರಕ್ಕೂ ಹೆಚ್ಚು. ಮುಷ್ಕರ ಮಾಡಿದವರ ಮೇಲೆ ಕ್ರಮ ಜರುಗಿಸುವೆವೆಂಬ ಬೆದರಿಕೆಗೆ ನೌಕರರು ಕಂಡುಕೊಂಡ ಉತ್ತರವದು. ಹತ್ತು ಹನ್ನೆರಡು ವರ್ಷಗಳ ತರುವಾಯ, ದೂರದ ಹಾರಾಟಗಳಲ್ಲಿ ಪರಿಚಾರಕರ ಸಂಖ್ಯೆಯನ್ನು ಕಡಿಮೆ ಮಾಡಿದ್ದರ ವಿರುದ್ಧ ಯುನೈಟ್ ಸಂಘವು ಶೇಕಡಾ 90ಕ್ಕೂ ಮಿಕ್ಕಿದ ಬಹುಮತದಿಂದ 2009ರ ಕ್ರಿಸ್‌ಮಸ್ ವೇಳೆಗೆ ಮುಷ್ಕರ ನಿಶ್ಚಯಿಸಿತು. ಸಂಸ್ಥೆಯನ್ನು ಬಿಟ್ಟುಹೋಗುತ್ತಿದ್ದ ಕೆಲವರಿಗೂ ಮತಪತ್ರ ಹೋಗಿದೆಯೆಂಬ ಕಾರಣದಿಂದ ನ್ಯಾಯಾಲಯ ಅದನ್ನು ತಡೆಯಿತು. ಮರುವರ್ಷ ಮತ್ತೆ ಮತದಾನವಾಗಿ ಮಾರ್ಚಿಯಲ್ಲಿ ಮುಷ್ಕರ ಆರಂಭವಾಯಿತು. ಮೇ ತಿಂಗಳಲ್ಲಿ ಮತ್ತೊಂದು ತಡೆಯಾಜ್ಞೆ! ಈ ಬಾರಿಯ ಕಾರಣ: ಮತದಾನದಲ್ಲಿ ಅಸಿಂಧುವಾದ 11 ಮತಗಳ ಸಂಗತಿಯನ್ನು ಸದಸ್ಯರಿಗೆ ಸರಿಯಾಗಿ ತಿಳಿಸಲಿಲ್ಲವೆಂಬುದು. ಮೂರೇ ದಿನಗಳಲ್ಲಿ ಮೇಲಿನ ನ್ಯಾಯಾಲಯ ಈ ಆಜ್ಞೆಯನ್ನು ತೆಗೆದುಹಾಕಿತು. ಒಟ್ಟು 22 ದಿನಗಳ ಮುಷ್ಕರ ನಡೆಯಿತು; ಮುಷ್ಕರಗಾರರ ರಿಯಾಯಿತಿ ಪ್ರಯಾಣದ ಸೌಲಭ್ಯವನ್ನು ಆಡಳಿತವರ್ಗ ಕಿತ್ತುಕೊಂಡಿತು; 2011ರಲ್ಲಿ ರಾಜಿಯಾಗುವ ಹೊತ್ತಿಗೆ ಇಬ್ಬರೂ ಬಸವಳಿದಿದ್ದರು. ಸಂಘ ನಡೆಸುವವರಿಗೆ ಆವೇಶವೊಂದೇ ಸಾಲದು, ಲೆಕ್ಕಪತ್ರವೂ ಚೊಕ್ಕವಾಗಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಇತ್ತೀಚಿನ ಮಹತ್ವದ ಪ್ರಸಂಗ ಕೆನಡಾದ್ದು. ಈ ವೃತ್ತಿಯಲ್ಲಿ ಬಹುಕಾಲದಿಂದ ಬಂದ ಪದ್ಧತಿಯೊಂದಿದೆ: ವಿಮಾನವು ಚಲಿಸತೊಡಗಿದ ಮೇಲೆಯೇ ಗಂಟೆಯ ಸಂಬಳ ಆರಂಭ. ಪ್ರಯಾಣಿಕರನ್ನು ಹತ್ತಿಸಿಕೊಳ್ಳುವುದು, ವೃದ್ಧರನ್ನು ಕೂರಿಸುವುದು, ಸುರಕ್ಷಾ ತಪಾಸಣೆ ಮಾಡುವುದು ಎಲ್ಲವೂ ಬಹುಪಾಲು ಬಿಟ್ಟಿ ದುಡಿಮೆ. ಅಮೆರಿಕದ ಡೆಲ್ಟಾ ಸಂಸ್ಥೆ 2022ರಲ್ಲಿ ಪ್ರಯಾಣಿಕರು ಹತ್ತುವ ಅವಧಿಗೆ ಅರ್ಧ ದರದ ಸಂಬಳ ಕೊಡಲು ತೊಡಗಿತ್ತು. 2025ರ ಆಗಸ್ಟ್ 16ರಂದು ಏರ್ ಕೆನಡಾದ ಹತ್ತು ಸಾವಿರಕ್ಕೂ ಹೆಚ್ಚು ಪರಿಚಾರಕರು ಇದನ್ನೂ ಮುಖ್ಯ ಬೇಡಿಕೆಯಾಗಿಸಿ ಕೆಲಸ ನಿಲ್ಲಿಸಿದರು. ಅಂದೇ ಸರ್ಕಾರವು ತನ್ನ ವಿಶೇಷಾಧಿಕಾರವನ್ನು ಬಳಸಿ ಕೆಲಸಕ್ಕೆ ಮರಳುವಂತೆ ಮಾಡಲು ಕ್ರಮ ಕೈಗೊಂಡಿತು. ಸಂಘವು ಆಜ್ಞೆಯನ್ನು ಮೀರಿ ನಿಂತಿತು; ಮುಷ್ಕರ ಕಾನೂನುಬಾಹಿರವೆಂದು ಘೋಷಿತವಾಯಿತು. ಆದರೂ 19ರ ಹೊತ್ತಿಗೆ ಒಪ್ಪಂದವಾಗಿ, ನೆಲದ ಮೇಲಿನ ದುಡಿಮೆಗೂ ಅರ್ಧ ದರದಿಂದ ತೊಡಗಿ ಸಂಬಳ ಕೊಡುವ ತತ್ತ್ವಕ್ಕೆ ಮನ್ನಣೆ ಸಿಕ್ಕಿತು. ಸಂಬಳದ ದರದ ಭಾಗವನ್ನು ಮಾತ್ರ ಸದಸ್ಯರು ಸೆಪ್ಟೆಂಬರಿನಲ್ಲಿ ಶೇಕಡಾ 99ಕ್ಕೂ ಮಿಕ್ಕಿದ ಮತಗಳಿಂದ ತಿರಸ್ಕರಿಸಿದರು. ಈ ಮಧ್ಯೆ ಲಕ್ಷಾಂತರ ಪ್ರಯಾಣಿಕರು ನಿಲ್ದಾಣಗಳಲ್ಲಿ ಸಿಕ್ಕಿಬಿದ್ದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ಎಲ್ಲ ದೇಶಕ್ಕೂ ಒಂದೇ.

ಕಾಯಿಲೆಯ ರಜೆ ಅಸ್ತ್ರವಾಗಬಹುದೇ?

ನಮ್ಮ ದೇಶದಲ್ಲಿ 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸಂಸ್ಥೆಯ ನೂರಾರು ಪರಿಚಾರಕರು ಒಮ್ಮೆಗೇ ಕಾಯಿಲೆಯೆಂದು ತಿಳಿಸಿದರು. ಬೆಂಗಳೂರಿನಲ್ಲಿ ಕಚೇರಿ ಹೊಂದಿದ್ದ ಎ.ಐ.ಎಕ್ಸ್. ಕನೆಕ್ಟ್ ಸಂಸ್ಥೆಯೊಡನೆ ವಿಲೀನಗೊಳ್ಳುವ ಸಮಯವದು. ಸಂಬಳದ ಹೊಸ ರಚನೆಯ ಬಗ್ಗೆಯೂ, ನೌಕರರನ್ನು ಸಮಾನವಾಗಿ ಕಾಣುತ್ತಿಲ್ಲವೆಂದೂ ಅಸಮಾಧಾನ ಬೆಳೆದಿತ್ತು. ಹತ್ತಾರು ಹಾರಾಟಗಳು ರದ್ದಾದವು. ರಜೆ ಹತ್ತಿರವಾಗಿ ಗಲ್ಫಿನ ಕೆಲಸಕ್ಕೆ ಮರಳಬೇಕಾದವರು ನಿಲ್ದಾಣದಲ್ಲಿ ಕಂಗಾಲಾದರು. ಸಂಸ್ಥೆಯು 25 ಮಂದಿಯನ್ನು ವಜಾ ಮಾಡಿತು. ಮೇ 9ರಂದು ದೆಹಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಸಮ್ಮುಖದಲ್ಲಿ ಸಂಧಾನ ನಡೆದು, ವಜಾ ಆದವರನ್ನು ಮರಳಿ ಸೇರಿಸಿಕೊಳ್ಳಲು ಸಂಸ್ಥೆಯೂ, ಕೆಲಸಕ್ಕೆ ಮರಳಲು ನೌಕರರೂ ಒಪ್ಪಿದರು. ಎರಡು ದಿನಗಳ ರಂಪಾಟದ ಬಳಿಕ ನಡೆದ ಈ ಮಾತುಕತೆ ಎರಡು ತಿಂಗಳ ಮುಂಚೆಯೇ ನಡೆದಿದ್ದರೆ ಯಾರಿಗೆ ನಷ್ಟವಾಗುತ್ತಿತ್ತು?

ಕಾನೂನಿನ ಸ್ಥಿತಿಯನ್ನೂ ತಿಳಿದಿರುವುದು ಮೇಲು. 1926ರ ಕಾರ್ಮಿಕ ಸಂಘಗಳ ಕಾಯಿದೆಯು ಸಂಘ ಕಟ್ಟಿ ನೋಂದಾಯಿಸುವ ದಾರಿಯನ್ನು ತೆರೆಯಿತು. 1947ರ ಕೈಗಾರಿಕಾ ವಿವಾದಗಳ ಕಾಯಿದೆಯು ವಿಮಾನ ಸಾರಿಗೆಯನ್ನು ಸಾರ್ವಜನಿಕ ಉಪಯುಕ್ತ ಸೇವೆಯೆಂದು ಪರಿಗಣಿಸಿ, ಮುನ್ಸೂಚನೆಯಿಲ್ಲದ ಮುಷ್ಕರವನ್ನು ನಿಷೇಧಿಸಿತ್ತು. ಇವೆರಡರ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಇದರಂತೆ ಯಾವ ಉದ್ಯಮದಲ್ಲಾದರೂ ಮುಷ್ಕರಕ್ಕೆ 14 ದಿನಗಳ ಮುನ್ಸೂಚನೆ ಬೇಕು. ಶೇಕಡಾ 50 ಅಥವಾ ಹೆಚ್ಚಿನ ಕೆಲಸಗಾರರು ಒಗ್ಗಟ್ಟಾಗಿ ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಅದೇ ಸಂಹಿತೆಯು ಶೇಕಡಾ 51ರಷ್ಟು ನೌಕರರ ಬೆಂಬಲವುಳ್ಳ ಸಂಘವನ್ನು ಮಾತುಕತೆಯ ಏಕೈಕ ಪ್ರತಿನಿಧಿಯಾಗಿ ಆಡಳಿತವರ್ಗ ಮನ್ನಿಸಬೇಕೆಂದೂ ಹೇಳುತ್ತದೆ. ಒಂದು ಕೈಯಿಂದ ಕಟ್ಟಿ ಇನ್ನೊಂದು ಕೈಯಿಂದ ಕೊಟ್ಟಂತಿದೆ ಈ ವ್ಯವಸ್ಥೆ. ಕೊಟ್ಟದ್ದನ್ನು ಬಳಸಿಕೊಳ್ಳುವ ಜಾಣ್ಮೆ ಸಂಘಗಳಿಗೆ ಬೇಕು.

ಕಾಯಿಲೆಯ ರಜೆಯನ್ನು ಅಸ್ತ್ರವಾಗಿಸುವುದರಲ್ಲಿ ಇನ್ನೊಂದು ಕೇಡಿದೆ. ಆರೋಗ್ಯವಂತರು ಕಾಯಿಲೆಯೆಂದು ಹೇಳಿಕೊಂಡಾಗ, ನಿಜವಾಗಿಯೂ ಕಾಯಿಲೆ ಬಿದ್ದವಳ ಮಾತನ್ನು ನಂಬುವವರು ಇಲ್ಲವಾಗುತ್ತಾರೆ. ಶೀತದಿಂದ ಕಿವಿ ಕಟ್ಟಿರುವಾಗ ಹಾರಿದರೆ ಕಿವಿತಮಟೆಗೆ ಹಾನಿಯಾದೀತು. ನಿದ್ದೆಗೆಟ್ಟು ಹಾರಿದರೆ ಎಲ್ಲರಿಗೂ ಅಪಾಯ. ಇಂಥವರು ನಿರ್ಭಯವಾಗಿ ರಜೆ ಕೇಳುವ ವಾತಾವರಣವನ್ನು ಉಳಿಸಿಕೊಳ್ಳುವುದು ಸಂಘದ ಕರ್ತವ್ಯ. ಹಾಗೆಯೇ ಬಹಿರಂಗವಾಗಿ ಅಸಮ್ಮತಿ ಸೂಚಿಸಿದವರನ್ನು ಶಿಕ್ಷಿಸದಿರುವುದು ಆಡಳಿತವರ್ಗದ ಕರ್ತವ್ಯ. ಮುಂಬಾಗಿಲು ಮುಚ್ಚಿದಲ್ಲಿ ಜನ ಹಿತ್ತಿಲ ಬಾಗಿಲು ಹುಡುಕುತ್ತಾರೆ.

ನಮ್ಮ ಕರ್ತವ್ಯ

ಮಕ್ಕಳನ್ನು ಈ ವೃತ್ತಿಗೆ ಕಳುಹಿಸುವ ತಂದೆತಾಯಿಗಳು ಸಂಬಳದ ಅಂಕಿಯೊಂದನ್ನೇ ನೋಡದೆ, ಕರಾರುಪತ್ರದಲ್ಲಿ ವಿಶ್ರಾಂತಿಯ ಗಂಟೆಗಳೆಷ್ಟು, ನೆಲದ ಮೇಲಿನ ದುಡಿಮೆಗೆ ಸಂಬಳವುಂಟೇ, ಗರ್ಭಿಣಿಯಾದಾಗ ಬದಲಿ ಕೆಲಸವುಂಟೇ ಎಂಬುದನ್ನೂ ಓದಿ ತಿಳಿಯಬೇಕು. ಕಾನೂನಿನಂತೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಹೆರಿಗೆ ಸೌಲಭ್ಯ ಆಕೆಯ ಹಕ್ಕು, ಯಾರ ದಯೆಯೂ ಅಲ್ಲ. ವೃತ್ತಿಯಲ್ಲಿರುವವರು ತಮ್ಮ ಹಾರಾಟದ ಗಂಟೆಗಳನ್ನೂ ದಣಿವಿನ ದೂರುಗಳನ್ನೂ ಬರವಣಿಗೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಯಥೇಷ್ಟವಾಗಿ ನೀರು ಕುಡಿಯುವುದು, ಮಲಗುವ ಕೋಣೆಯನ್ನು ಕತ್ತಲಾಗಿಸಿಕೊಳ್ಳುವುದು, ಸ್ತನ ಮತ್ತು ಚರ್ಮದ ತಪಾಸಣೆಯನ್ನು ಕ್ರಮವಾಗಿ ಮಾಡಿಸಿಕೊಳ್ಳುವುದು ಅವರ ಕೈಯಲ್ಲಿಯೇ ಇರುವ ರಕ್ಷಣೆಗಳು. ಹಗಲಿನಲ್ಲಿ ಮಲಗಿದ ಸೊಸೆಯನ್ನೋ ಮಗಳನ್ನೋ ಸೋಮಾರಿಯೆಂದು ಎಬ್ಬಿಸದಿರುವುದು ಮನೆಯವರು ಕೊಡಬಹುದಾದ ರಕ್ಷಣೆ.

ಪ್ರಯಾಣಿಕರಾದ ನಮ್ಮ ಪಾಲೂ ಇದೆ. ಮುಷ್ಕರದ ಸುದ್ದಿ ಬಂದಾಗ ಬೇಡಿಕೆಯೇನೆಂದು ಕೇಳಿ ತಿಳಿದುಕೊಂಡು ಆಮೇಲೆ ತೀರ್ಮಾನಿಸುವ ತಾಳ್ಮೆ ಬೇಕು. ಎಲ್ಲ ಮುಷ್ಕರವೂ ನ್ಯಾಯವಲ್ಲ, ಎಲ್ಲ ಸಂಘವೂ ಸಾಧುವಲ್ಲ. ಆದರೆ ಬಸುರಾದವಳನ್ನು ಬೀದಿಗೆ ಕಳುಹಿಸುತ್ತಿದ್ದ ನಿಯಮವೂ, ವಿಮಾನದೊಳಗೆ ತುಂಬಿರುತ್ತಿದ್ದ ಹೊಗೆಯೂ ತಮ್ಮಷ್ಟಕ್ಕೆ ತಾವೇ ಹೋಗಲಿಲ್ಲ. ಯಾರೋ ಒಬ್ಬರು ಇದು ಸರಿಯಲ್ಲವೆಂದರು. ಆ ಮಾತಿಗೆ ಹತ್ತಾರು ಮಂದಿ ದನಿಗೂಡಿಸಿದರು. ನಮ್ಮ ಹಿರಿಯರು ಗಿರಣಿಗಳಲ್ಲಿಯೂ ಬಂದರುಗಳಲ್ಲಿಯೂ ಮಾಡಿದ್ದು ಇದನ್ನೇ. ಮುಂದಿನ ಬಾರಿ ಊರಿಗೆ ಹಾರುವಾಗ ಬಾಗಿಲಲ್ಲಿ ಕೈಮುಗಿದು ನಿಂತ ಆ ಹುಡುಗಿಗೆ ನಾವೂ ಒಂದು ನಮಸ್ಕಾರ ಹೇಳೋಣ. ಆಕೆ ಚೆನ್ನಾಗಿ ಮಲಗಿ ಬಂದಿರಲಿ ಎಂದು ಹಾರೈಸೋಣ. ಆ ಹಾರೈಕೆಯಲ್ಲಿ ನಮ್ಮ ಕ್ಷೇಮವೂ ಅಡಗಿದೆ.